ಗುರುಗಳಿಲ್ಲದೆ ವಿದ್ವತ್ ಥಿಯರಿ: ಯಾರಾದರೂ ಬರೆದಿದ್ದೀರಾ?

ಪಿಬಿ ರಸ್ತೆ ಶ್ರುತಿ (ಸೋಮವಾರ, ರಾತ್ರಿ 10:50)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಕರ್ನಾಟಕ ಸಂಗೀತ, ಹಾಡುಗಾರಿಕೆ. ಸೀನಿಯರ್ ಪರೀಕ್ಷೆ ಪಾಸಾಗಿ ಹನ್ನೊಂದು ವರ್ಷ ಆಯಿತು. ಆಮೇಲೆ ಮದುವೆ, ಎರಡು ಮಕ್ಕಳು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಶ್ರುತಿಪೆಟ್ಟಿಗೆ ಅಟ್ಟ ಸೇರಿತ್ತು. ಈಗ ಚಿಕ್ಕವನೂ ಶಾಲೆಗೆ ಹೋಗ್ತಾನೆ. ಹಾಗಾಗಿ ಸೀನಿಯರ್‌ನ ಮುಂದಿನ ಹಂತ, ವಿದ್ವತ್ ಪೂರ್ವ ಪರೀಕ್ಷೆಗೆ ಕೂರೋಣ ಅಂತ ಮನಸ್ಸು ಮಾಡಿದ್ದೇನೆ.

ನಮ್ಮ ಟೀಚರ್ ಬೆಂಗಳೂರಿಗೆ, ಮಗನ ಮನೆಗೆ ಹೋಗಿಬಿಟ್ಟಿದ್ದಾರೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಫೋನಿನಲ್ಲಿ ಪಾಠ ಆಗಲ್ಲ. ಹಾಡುವುದನ್ನು ಹೇಗೋ ನಿಭಾಯಿಸುತ್ತೇನೆ. ಹಳೇ ಕ್ಯಾಸೆಟ್ಟುಗಳಿವೆ, ಅವರು ಹೇಳಿಕೊಟ್ಟದ್ದು ಗಂಟಲಿನಲ್ಲಿ ಇನ್ನೂ ಇದೆ. ಭಯ ಇರೋದು ಥಿಯರಿ ಪತ್ರಿಕೆಯದು.

ಓದುವಾಗ ಎಲ್ಲಾ ಅರ್ಥ ಆಗುತ್ತೆ. ಪುಸ್ತಕ ಮುಚ್ಚಿದರೆ ದಶಪ್ರಾಣದಲ್ಲಿ, ಅಂದರೆ ತಾಳದ ಹತ್ತು ಲಕ್ಷಣಗಳಲ್ಲಿ, ಏಳಕ್ಕೇ ನಿಲ್ಲುತ್ತೇನೆ. ಈ ವಾರ ಕಟಪಯಾದಿ ಹಿಡಿದೆ. ಮೇಳದ, ಅಂದರೆ ಮೂಲ ರಾಗದ, ಹೆಸರಿನ ಮೊದಲ ಎರಡು ಅಕ್ಷರವನ್ನು ಅಂಕಿ ಮಾಡಿ, ತಿರುಗಿಸಿ ಅದರ ಸಂಖ್ಯೆ ಹುಡುಕುವ ಲೆಕ್ಕ ಅದು. ಧರ್ಮವತಿ: ಧ ಅಂದರೆ 9, ರ್ಮ ಒತ್ತಕ್ಷರ, ಕೊನೆಯ ವ್ಯಂಜನ ತಗೋಬೇಕು ಅಂತ ಪುಸ್ತಕದಲ್ಲಿದೆ, ಮ ಅಂದರೆ 5. ತಿರುಗಿಸಿದರೆ 59. ಸರಿ ಬಂತು, ಖುಷಿಯಾಯಿತು. ಅದೇ ಥರ ಚಕ್ರವಾಕ ಮಾಡಿದೆ. ಚ 6, ಕ್ರ ದಲ್ಲಿ ಕೊನೆಯದು ರ, 2. ತಿರುಗಿಸಿದರೆ 26. ಆದರೆ ಚಕ್ರವಾಕ 16ನೇ ಮೇಳ ಅಲ್ವಾ? 26 ಚಾರುಕೇಶಿ. ಎರಡು ರಾತ್ರಿ ಇದರಲ್ಲೇ ಹೋಯಿತು. ತಪ್ಪು ನನ್ನದೋ ಪುಸ್ತಕದ್ದೋ ಗೊತ್ತಾಗ್ತಿಲ್ಲ. ಕೇಳೋಣ ಅಂದರೆ ಯಾರೂ ಇಲ್ಲ.

ಹೋದ ವರ್ಷ ಒಂದು ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿದ್ದೆ. ಪಿಡಿಎಫ್ ಮೇಲೆ ಪಿಡಿಎಫ್ ಬಂತು. ಪ್ರಶ್ನೆ ಕೇಳಿದರೆ ಕೈ ಮುಗಿಯುವ ಚಿತ್ರ ಬಂತು, ಉತ್ತರ ಬರಲಿಲ್ಲ. ಯಾರಾದರೂ ಸ್ವಂತ ಓದಿ ಬರೆದವರಿದ್ದರೆ ದಾರಿ ಹೇಳಿ.

ಕೋಟೆ ಕಲ್ಲು (ಸೋಮವಾರ, ರಾತ್ರಿ 11:35)

ಅಕ್ಕ, ನಾನು ಚಿತ್ರದುರ್ಗ. ಕೊಳಲು. ಇಂಜಿನಿಯರಿಂಗ್ ಓದ್ತಾ ಪರೀಕ್ಷೆ ಕಟ್ಟಿದೆ. ಥಿಯರಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು ಎರಡನೇ ಸಲ ಪಾಸಾದವನು. ಹಾಗಾಗಿ ಎಲ್ಲಿ ಮುಗ್ಗರಿಸಬೇಕು ಅನ್ನೋದು ಚೆನ್ನಾಗಿ ಗೊತ್ತು.

ಚಕ್ರವಾಕದಲ್ಲಿ ನಿಮ್ಮ ತಪ್ಪಿಲ್ಲ. ಒತ್ತಕ್ಷರ ಬಂದಾಗ ಮೇಳದ ಹೆಸರುಗಳೆಲ್ಲ ಒಂದೇ ನಿಯಮಕ್ಕೆ ಬಗ್ಗಲ್ಲ. ರತ್ನಾಂಗಿಯಲ್ಲಿ ತ್ನ, ನ ತಗೊಂಡರೆ 0, ಅಂದರೆ 02. ಸೂರ್ಯಕಾಂತದಲ್ಲಿ ರ್ಯ, ಯ ತಗೊಂಡರೆ 17. ನಿಮ್ಮ ಧರ್ಮವತಿ ಸಹ ಇದೇ ಸಾಲು. ಇವೆಲ್ಲ ಕೊನೆಯ ವ್ಯಂಜನ. ಆದರೆ ಚಕ್ರವಾಕದಲ್ಲಿ ಕ್ರ ದ ಕ, 16. ದಿವ್ಯಮಣಿಯಲ್ಲಿ ವ್ಯ ದ ವ, 48. ವಿಶ್ವಂಭರಿಯಲ್ಲಿ ಶ್ವ ದ ಶ, 54. ಶ್ಯಾಮಲಾಂಗಿಯಲ್ಲಿ ಶ್ಯ ದ ಶ, 55. ಇವು ಮೊದಲ ವ್ಯಂಜನ. ಎಲ್ಲಕ್ಕಿಂತ ಮೋಸ ಸಿಂಹೇಂದ್ರಮಧ್ಯಮ. ನಾವು ಸೊನ್ನೆ ಹಾಕಿ ಬರೆಯುತ್ತೇವೆ, ಹಾಗಾಗಿ ಸ, ಹ ಅಂತ ಲೆಕ್ಕ ಹಾಕಿ 87 ತಂದುಬಿಡ್ತೇವೆ. ಇರೋದೇ 72 ಮೇಳ! ಆ ಸೊನ್ನೆಯೊಳಗೆ ಮ ಅಡಗಿದೆ. ಸ 7, ಮ 5, ತಿರುಗಿಸಿದರೆ 57.

ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ನಿಯಮ ಹುಡುಕ್ತಾ ಕೂರಬೇಡಿ.

ಪಿಬಿ ರಸ್ತೆ ಶ್ರುತಿ (ಮಂಗಳವಾರ, ಬೆಳಗ್ಗೆ 5:20)

ಅಯ್ಯೋ ತಮ್ಮ, ಎರಡು ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಈಗ ಸಿಟ್ಟು ಬರ್ತಿದೆ. ಚೀಟಿ ಅಂಟಿಸಿದೆ, ಒಗ್ಗರಣೆ ಡಬ್ಬಿ ಮೇಲೆ.

ನೇರ ಮಾತು (ಮಂಗಳವಾರ, ಬೆಳಗ್ಗೆ 8:05)

ಗುರು ಇಲ್ಲದೆ ಸಂಗೀತ ಓದುತ್ತೇನೆ ಅನ್ನೋದೇ ತಪ್ಪು. ಪುಸ್ತಕ ಓದಿ ಈಜು ಕಲಿತ ಹಾಗೆ. ಮೊದಲು ಗುರು ಹುಡುಕಿ, ಪರೀಕ್ಷೆ ಆಮೇಲೆ.

ಮಿರ್ಚಿ ಮಂಡಕ್ಕಿ (ಮಂಗಳವಾರ, ಬೆಳಗ್ಗೆ 9:30)

ನೇರ ಮಾತು ಅವರೇ, ಅವರಿಗೆ ಈಜು ಬರುತ್ತೆ, ಹನ್ನೊಂದು ವರ್ಷದ ಹಿಂದೆಯೇ ಸೀನಿಯರ್ ದಾಟಿದ್ದಾರೆ. ಈಗ ಕೇಳ್ತಿರೋದು ನೀರಿನ ಆಳ ಎಷ್ಟು ಅಂತ. ಅಂಗಡಿ ಕೆಲಸ, ಮನೆ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಪುಸ್ತಕ ತೆಗೆಯೋರಿಗೆ ಗುರುವನ್ನು ಹುಡುಕಿ ಅನ್ನೋದು ಸುಲಭ. ಆ ಹೊತ್ತಿಗೆ ಪಾಠ ಹೇಳುವ ಗುರು ಯಾರಿದ್ದಾರೆ, ನೀವೇ ಹೇಳಿ.

ನಂದು ಹಿಂದೂಸ್ತಾನಿ. ಗಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಮಾಡಿದ್ದೇನೆ, ದಾವಣಗೆರೆಯಲ್ಲೇ ಕೂತು. ಪರೀಕ್ಷೆ ಬೇರೆ, ಆದರೆ ಶ್ರುತಿ, ಗ್ರಾಮ, ಮೂರ್ಛನೆ ನಿಮಗೂ ಉಂಟು ನಮಗೂ ಉಂಟು. ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ 22 ಶ್ರುತಿ, ಅಂದರೆ ಏಳು ಸ್ವರಗಳಿಗೆ ಹಂಚಿದ ಸೂಕ್ಷ್ಮ ಅಂತರಗಳು. ಸ 4, ರಿ 3, ಗ 2, ಮ 4, ಪ 4, ಧ 3, ನಿ 2. ಬಾಯಿಪಾಠ ಎರಡು ನಿಮಿಷದ ಕೆಲಸ. ಮಧ್ಯಮಗ್ರಾಮ ಅನ್ನೋ ಹಳೇ ಸ್ವರಸಾಲಿನಲ್ಲಿ ಪಂಚಮ ಒಂದು ಶ್ರುತಿ ಇಳಿಯುತ್ತೆ, ಹಾಗಾಗಿ ಪ 3, ಧ 4 ಆಗುತ್ತೆ ಅಂತಲೂ ಬರೆದೆ. ಒಂದು ಶ್ರುತಿ ಅಂದರೆ ಎಷ್ಟು? ಕಿವಿಗೆ ಹೇಗೆ ಕೇಳಿಸುತ್ತೆ? ಗೊತ್ತಿರಲಿಲ್ಲ. ಸುಮ್ನೆ ಬರೀತಿದ್ದೆ.

ಒಂದು ಭಾನುವಾರ ಎರಡು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿದೆ. ಒಂದು ನಂದು, ಒಂದು ಹೆಂಡತಿದು. ನಾಟ್ಯಶಾಸ್ತ್ರದ ಭರತ ಎರಡು ವೀಣೆ ಇಟ್ಟುಕೊಂಡು ಮಾಡಿದ ಸಾರಣೆ ಪ್ರಯೋಗ ಇದೆಯಲ್ಲ, ಒಂದು ಅಲುಗಾಡದ ಧ್ರುವವೀಣೆ, ಒಂದು ಇಳಿಸುವ ಚಲವೀಣೆ, ಅದನ್ನೇ. ಒಂದರಲ್ಲಿ ಷಡ್ಜ, ಇನ್ನೊಂದರಲ್ಲಿ ಪಂಚಮ. ಎರಡೂ ಕೂಡಿದಾಗ ಗಾಜಿನ ಹಾಗೆ ನಿಂತವು. ಆಮೇಲೆ ಪಂಚಮವನ್ನು 22 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಸಿದೆ. ಈ ಇಳಿಕೆಯ ಅಳತೆಗೆ ಪ್ರಮಾಣ ಶ್ರುತಿ ಅಂತಾರೆ, 81ಕ್ಕೆ 80ರ ಅಂತರ, ಅದು ಹೆಚ್ಚುಕಮ್ಮಿ ಅಷ್ಟೇ. ತಕ್ಷಣ ನಾದ ನಡುಗೋಕೆ ಶುರುವಾಯಿತು. ವ್ವ ವ್ವ ವ್ವ ಅಂತ, ಸೆಕೆಂಡಿಗೆ ಏಳೆಂಟು ಸಲ. ಅಡುಗೆಮನೆಯಿಂದ ಅವಳು, “ಫೋನ್ ಹಾಳಾಯ್ತೇನ್ರೀ?” ಅಂದಳು. ಫೋನ್ ಹಾಳಾಗಿರಲಿಲ್ಲ, ಮಧ್ಯಮಗ್ರಾಮದ ಪಂಚಮ ಮನೆಗೆ ಬಂದಿತ್ತು. ಅವತ್ತಿನಿಂದ ಆ ಉತ್ತರ ನನಗೆ ಮರೆತಿಲ್ಲ.

ಇನ್ನೊಂದು. ಹಳೇ ಗ್ರಂಥಗಳಲ್ಲಿ ಸ್ವರ ತನ್ನ ಕೊನೆಯ ಶ್ರುತಿಯ ಮೇಲೆ ನಿಲ್ಲುತ್ತೆ: 4, 7, 9, 13, 17, 20, 22. ಹಿಂದೂಸ್ತಾನಿ ಶಾಸ್ತ್ರಕಾರ ಭಾತಖಂಡೆಯವರು ಮೊದಲ ಶ್ರುತಿಯ ಮೇಲೆ ಇಟ್ಟರು: 1, 5, 8, 10, 14, 18, 21. ಇಂಟರ್ನೆಟ್ಟಿನಲ್ಲಿ ಎರಡೂ ಪಟ್ಟಿ ಸಿಗುತ್ತೆ, ಯಾವುದು ಯಾರದು ಅಂತ ಬರೆದಿರಲ್ಲ. ಅರ್ಧ ಅದು ಅರ್ಧ ಇದು ಬೆರೆಸಿ ಬರೆದವರನ್ನು ನೋಡಿದ್ದೇನೆ.

ಹೊಳಲ್ಕೆರೆ ಮೇಷ್ಟ್ರು (ಮಂಗಳವಾರ, ಸಂಜೆ 6:15)

ನಿವೃತ್ತ ಸಂಗೀತ ಶಿಕ್ಷಕ ನಾನು. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಂಗಿ, ಒಂದು ಮಾತು ಹೇಳುತ್ತೇನೆ. ಒಬ್ಬರೇ ಕೂತು ಓದಿದರೆ ಅರ್ಥ ಆಗುತ್ತದೆ, ಅದರಲ್ಲಿ ಸಂಶಯ ಬೇಡ. ಆದರೆ ಒಬ್ಬರೇ ಓದಿದವರ ಉತ್ತರದಲ್ಲಿ ಒಂದು ತಪ್ಪು ಹೊಕ್ಕರೆ ಅದು ಅಲ್ಲೇ ಮನೆ ಮಾಡಿಕೊಂಡು ಕೂರುತ್ತದೆ. ಹತ್ತು ಸಲ ಬರೆದರೆ ಹತ್ತು ಸಲವೂ ಅದೇ ತಪ್ಪು, ಇನ್ನೂ ದುಂಡಗಿನ ಅಕ್ಷರದಲ್ಲಿ. ಪಾಠ ಹೇಳುವವರು ಇಲ್ಲದಿದ್ದರೂ ನಡೆಯುತ್ತದೆ. ಕೆಂಪು ಪೆನ್ನು ಹಿಡಿಯುವವರು ಬೇಕು.

ಉದಾಹರಣೆ ಕೊಡುತ್ತೇನೆ. ಕಲ್ಲಿನಾಥ ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ಬರೆದ ವ್ಯಾಖ್ಯಾನ ಕಲಾನಿಧಿ, 15ನೇ ಶತಮಾನ. ರಾಮಾಮಾತ್ಯನ ಗ್ರಂಥ ಸ್ವರಮೇಳಕಲಾನಿಧಿ, 1550. ಇಬ್ಬರೂ ವಿಜಯನಗರದವರು. ಎಷ್ಟು ಮಕ್ಕಳು ಇವೆರಡನ್ನೂ ಒಂದೇ ಮಾಡಿದ್ದಾರೋ ಲೆಕ್ಕ ಇಟ್ಟಿಲ್ಲ. ಎರಡನೆಯದು ವೆಂಕಟಮಖಿ. ಚತುರ್ದಂಡಿಪ್ರಕಾಶಿಕೆಯಲ್ಲಿ 72 ಮೇಳದ ಲೆಕ್ಕ ಕೊಟ್ಟವರು ಅವರು, ಸರಿ. ಆದರೆ ಕನಕಾಂಗಿ, ರತ್ನಾಂಗಿ ಅನ್ನುವ ಹೆಸರುಗಳನ್ನೂ ಅವರೇ ಇಟ್ಟರು ಅಂತ ಬರೆಯಬೇಡಿ. ಅವರ ಕಾಲಕ್ಕೆ ಬಳಕೆಯಲ್ಲಿದ್ದ ಮೇಳ 19 ಅಂತ ಅವರೇ ಹೇಳಿದ್ದಾರೆ. ಕಟಪಯಾದಿಗೆ ಹೊಂದುವ ಹೆಸರುಗಳು ಆಮೇಲೆ ಬಂದವು. ಇನ್ನು ಚತುರ್ದಂಡಿ ಅಂದರೆ ನಾಲ್ಕು ವೇದ ಅಂತ ಬರೆದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲೇ ಇದ್ದ. ಆಲಾಪ, ಠಾಯ, ಗೀತ, ಪ್ರಬಂಧ. ಇಷ್ಟೇ.

ಯತಿ, ಅಂದರೆ ಗುಂಪುಗಳನ್ನು ಜೋಡಿಸುವ ಆಕಾರ, ಕೇಳಿದರೆ ಹೆಸರು ಬರೆದು ಕೈ ತೊಳೆದುಕೊಳ್ಳಬೇಡಿ. ಗೋಪುಚ್ಛ ಅಂದರೆ ಹಸುವಿನ ಬಾಲದ ಹಾಗೆ ಅಗಲದಿಂದ ಸಣ್ಣಕ್ಕೆ. ಅದನ್ನು ಬರೆದ ಕೂಡಲೇ ಕೆಳಗೆ ಸ್ವರದಲ್ಲಿ ತೋರಿಸಿ: ಸರಿಗಮಪ, ರಿಗಮಪ, ಗಮಪ, ಮಪ, ಪ. ತಿರುಗಿಸಿದರೆ ಸ್ರೋತೋವಹ, ಹೊಳೆ ಹರಿಯುತ್ತಾ ಅಗಲ ಆದ ಹಾಗೆ. ತಿದ್ದುವವರ ಕಣ್ಣು ಮೊದಲು ಹೋಗುವುದು ಆ ಸಾಲಿಗೆ.

ಬ್ಲ್ಯಾಕ್ ಕೀ (ಮಂಗಳವಾರ, ರಾತ್ರಿ 9:10)

ನಾನು ಬೇರೆ ಊರಿನ ಸಂಗೀತದವನು, ಪಾಶ್ಚಾತ್ಯ ಕೀಬೋರ್ಡ್. ಲಂಡನ್ನಿನ ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಯಲ್ಲಿ ಐದನೇ ಗ್ರೇಡ್ ಥಿಯರಿ ಆಗದೆ ಆರನೇ ಗ್ರೇಡಿನ ಪ್ರಾಕ್ಟಿಕಲ್‌ಗೆ ಹೋಗೋದು ಕಷ್ಟ, ಹಾಗಾಗಿ ಓದಿದೆ. ಆಮೇಲೆ ಹುಚ್ಚು ಹತ್ತಿ ಮೇಲಿನ ಗ್ರೇಡುಗಳನ್ನೂ ಒಬ್ಬನೇ ಓದಿದೆ.

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ನಾಲ್ಕು ಧ್ವನಿಗೆ ಹಾರ್ಮನಿ ಬರೆಯಬೇಕು. ಎರಡು ಧ್ವನಿ ಪಂಚಮದ ಅಂತರದಲ್ಲೇ ಜೊತೆಜೊತೆಗೆ ಸರಿದರೆ ಅದು ತಪ್ಪು. ನಿಯಮ ನನಗೆ ಕಂಠಪಾಠ. ಆದರೆ ನಾನು ಬರೆದ ಪುಟದಲ್ಲಿ ಅದು ನನಗೆ ಕಾಣ್ತಾನೇ ಇರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ: ಬರೆದದ್ದನ್ನು ಎರಡು ವಾರ ಬೀರುವಿನಲ್ಲಿ ಇಟ್ಟು, ಆಮೇಲೆ ಬೇರೆಯವರದ್ದು ಅನ್ನೋ ಹಾಗೆ ಎರಡೆರಡೇ ಧ್ವನಿ ಬೆರಳಿಟ್ಟು ನೋಡಿದೆ. ಒಂದೇ ಪುಟದಲ್ಲಿ ನಾಲ್ಕು ಸಿಕ್ಕವು. ಅದರಲ್ಲಿ ಒಂದರ ಪಕ್ಕ ನಾನೇ ‘ಚೆನ್ನಾಗಿದೆ’ ಅಂತ ಬರ್ಕೊಂಡಿದ್ದೆ.

ಪಿಬಿ ರಸ್ತೆ ಶ್ರುತಿ (ಬುಧವಾರ, ಬೆಳಗ್ಗೆ 5:10)

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಕಲಾನಿಧಿ ವಿಷಯ ಓದಿ ನನ್ನ ನೋಟ್ಸ್ ತೆಗೆದು ನೋಡಿದೆ. ರಾಮಾಮಾತ್ಯನ ಕಲಾನಿಧಿ ಅಂತಲೇ ಬರೆದಿದ್ದೆ. ಕೆಂಪು ಪೆನ್ನಿಗೆ ಮೊದಲ ಬೋಣಿ.

ಮೇಳಗಳನ್ನು ಈಗ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡ್ತಾ ಹೇಳಿಕೊಳ್ತೇನೆ. ಬಾಯಿಪಾಠ ಅಲ್ಲ, ಲೆಕ್ಕ. ಬೈಕಿನ ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ನೋಡೋದು, ಅದೇ ಮೇಳ. 59 ಬಂತು ಅನ್ನಿ. 36 ದಾಟಿದೆ, ಹಾಗಾದರೆ ಪ್ರತಿಮಧ್ಯಮ. 36 ಕಳೆದರೆ 23. ಆರರ ಗುಂಪು ಮೂರು ಮುಗಿದರೆ 18, ಉಳಿದದ್ದು 5. ಅಂದರೆ ನಾಲ್ಕನೇ ಗುಂಪಿನ ಐದನೆಯದು. ನಾಲ್ಕನೇ ಗುಂಪಿಗೆ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ. ಐದನೆಯದಕ್ಕೆ ಚತುಶ್ರುತಿ ಧೈವತ, ಕಾಕಲಿ ನಿಷಾದ. ಧರ್ಮವತಿ. ಆಮೇಲೆ ಮೆಲ್ಲಗೆ ಹಾಡಿ ನೋಡೋದು. ಎದುರು ಬರೋರು ಒಂಥರಾ ನೋಡ್ತಾರೆ, ನೋಡಲಿ ಬಿಡಿ. 72ರ ಮೇಲಿನ ನಂಬರ್ ಬಂದರೆ ರಜೆ.

ಈಗ ಸಿಕ್ಕಿಹಾಕಿಕೊಂಡಿರೋದು ತಾಳಪ್ರಸ್ತಾರ. 35 ತಾಳ ಗೊತ್ತು. ಏಳು ತಾಳ, ಐದು ಜಾತಿ. ಐದು ಗತಿ (ನಡೆ) ಸೇರಿದರೆ 175. ಸಂಕೀರ್ಣ ಜಾತಿ ಧ್ರುವಕ್ಕೆ 29 ಅಕ್ಷರ, ಅದೂ ಗೊತ್ತು. ಪ್ರಸ್ತಾರ ಮಾತ್ರ ಯಾಕೆ, ಏನು, ಒಂದೂ ಗೊತ್ತಾಗ್ತಿಲ್ಲ.

ಕೋಟೆ ಕಲ್ಲು (ಬುಧವಾರ, ಮಧ್ಯಾಹ್ನ 1:40)

ಅಕ್ಕ, ನಂಬರ್ ಪ್ಲೇಟ್ ಐಡಿಯಾ ಕದ್ದಿದ್ದೇನೆ. ಚಂದ್ರವಳ್ಳಿ ಕಡೆ ಹೋಗುವಾಗ ಬಸ್ಸುಗಳದ್ದು ನೋಡ್ತೇನೆ.

ಪ್ರಸ್ತಾರಕ್ಕೆ ನಿಮ್ಮ ಅಂಗಡಿಯ ಗುಂಡಿಗಳು ಬೇಕು. ಸಂಗೀತರತ್ನಾಕರದ ಪ್ರಸ್ತಾರದಲ್ಲಿ ಅಂಗ ನಾಲ್ಕು: ದ್ರುತ, ಲಘು, ಗುರು, ಪ್ಲುತ. ದ್ರುತವನ್ನು 1 ಅಂತ ಹಿಡಿದರೆ ಲಘು 2, ಗುರು 4, ಪ್ಲುತ 6. ನಾಲ್ಕು ಬಣ್ಣದ ಗುಂಡಿ ತಗೊಳ್ಳಿ, ಒಂದೊಂದಕ್ಕೆ ಈ ಬೆಲೆ ಕೊಡಿ. ಪ್ರಶ್ನೆ ಇಷ್ಟೇ: ಒಂದು ಗುರುವಿನಷ್ಟು, ಅಂದರೆ 4ರಷ್ಟು ಕಾಲವನ್ನು ಎಷ್ಟು ಥರ ಜೋಡಿಸಬಹುದು? ಒಂದು ಗುರು. ಎರಡು ಲಘು. ದ್ರುತ ದ್ರುತ ಲಘು. ದ್ರುತ ಲಘು ದ್ರುತ. ಲಘು ದ್ರುತ ದ್ರುತ. ನಾಲ್ಕು ದ್ರುತ. ಆರು. ಅಷ್ಟೇ ಪ್ರಸ್ತಾರ. ಯಾವುದರ ಕೆಳಗೆ ಯಾವುದು ಬರೆಯಬೇಕು ಅನ್ನೋ ಕ್ರಮ ಒಂದಿದೆ. ಅದನ್ನು ಪುಸ್ತಕದಲ್ಲಿ ನೋಡಿ ಮಾಡಿ, ಟೈಪ್ ಮಾಡೋಕೆ ಕೈ ನೋಯುತ್ತೆ.

ಮಜಾ ಇರೋದು ಸಂಖ್ಯೆಯಲ್ಲಿ. 1, 2, 3, 6, 10, 19, 33. ಹಿಂದಿನದು, ಅದರ ಹಿಂದಿನದು, ನಾಲ್ಕು ಮನೆ ಹಿಂದಿನದು, ಆರು ಮನೆ ಹಿಂದಿನದು, ಇವನ್ನು ಕೂಡಿದರೆ ಮುಂದಿನದು. ಯಾಕೆ ಅಂದರೆ ಕೊನೆಯ ಗುಂಡಿ ದ್ರುತ, ಲಘು, ಗುರು, ಪ್ಲುತ ಇವುಗಳಲ್ಲಿ ಒಂದಾಗಿರಲೇಬೇಕು. ಅದನ್ನು ಎತ್ತಿಟ್ಟರೆ ಉಳಿದಷ್ಟನ್ನು ಎಷ್ಟು ಥರ ಜೋಡಿಸಬಹುದು ಅಂತ ಆಗಲೇ ಎಣಿಸಿ ಆಗಿದೆ. ಪ್ಲುತಕ್ಕೆ 19 ಹೇಗೆ ಬಂತು? 10, 6, 2, ಜೊತೆಗೆ ಪ್ಲುತ ಒಂದೇ ಗುಂಡಿಯಾಗಿ ನಿಂತದ್ದು 1. 13ನೇ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು ಶಾರ್ಙ್ಗದೇವ ಇದನ್ನು ಬರೆದಿಟ್ಟ. ನಮ್ಮ ಕಾಲೇಜಿನಲ್ಲಿ ಇಂಥದ್ದೇ ಲೆಕ್ಕಕ್ಕೆ ಒಂದು ಸೆಮಿಸ್ಟರ್ ಪಾಠ ಮಾಡ್ತಾರೆ.

ಪಿಬಿ ರಸ್ತೆ ಶ್ರುತಿ (ಬುಧವಾರ, ರಾತ್ರಿ 10:30)

ಗುಂಡಿ ಇಟ್ಟು ಮಾಡಿದೆ ತಮ್ಮ. ಪ್ಲುತಕ್ಕೆ 18 ಬಂತು. ಮತ್ತೆ ಜೋಡಿಸಿದೆ, 18. ಮೂರನೇ ಸಲ ಮಗಳು ಬಂದು, “ಅಮ್ಮ, ಗುರು ಮುಂದೆ, ಎರಡು ದ್ರುತ ಹಿಂದೆ, ಅದು ಇಲ್ವಲ್ಲ?” ಅಂದಳು. ನಾಲ್ಕನೇ ಕ್ಲಾಸು ಅವಳು. 19 ಆಯಿತು. ಮೇಷ್ಟ್ರು ಹೇಳಿದ ಕೆಂಪು ಪೆನ್ನು ನಮ್ಮ ಮನೆಯಲ್ಲೇ ಓಡಾಡ್ತಿತ್ತು.

ಇನ್ನೊಂದು ಕೇಳಬೇಕಿತ್ತು. ಲಘು ಅಂದರೆ ಜಾತಿ ಪ್ರಕಾರ 3, 4, 5, 7, 9 ಅಲ್ವಾ? ಷಡಂಗದ, ಅಂದರೆ ತಾಳದ ಆರು ಅಂಗಗಳ, ಪಟ್ಟಿಯಲ್ಲಿ ಬರೀ 4 ಅಂತಿದೆ.

ಹೊಳಲ್ಕೆರೆ ಮೇಷ್ಟ್ರು (ಗುರುವಾರ, ಬೆಳಗ್ಗೆ 7:00)

ಎರಡೂ ಸರಿ, ಜಾಗ ಬೇರೆ. ಸುಳಾದಿ ಸಪ್ತತಾಳದಲ್ಲಿ ಬಳಕೆಯಾಗುವ ಅಂಗ ಮೂರೇ: ಅನುದ್ರುತ, ದ್ರುತ, ಲಘು. ಅಲ್ಲಿ ಲಘು ಜಾತಿಗೆ ತಕ್ಕಂತೆ ಬದಲಾಗುತ್ತದೆ. ಷಡಂಗ ಹೇಳುವಾಗ ಅನುದ್ರುತ 1, ದ್ರುತ 2, ಲಘು 4, ಗುರು 8, ಪ್ಲುತ 12, ಕಾಕಪಾದ 16. ನಮ್ಮ ಹುಡುಗ ದ್ರುತವನ್ನು 1 ಅಂತ ಹಿಡಿದದ್ದು ಎಣಿಕೆಯ ಅನುಕೂಲಕ್ಕೆ. ಪತ್ರಿಕೆಯಲ್ಲಿ ಮೂರನ್ನೂ ಒಂದೇ ಉತ್ತರಕ್ಕೆ ಸುರಿಯಬೇಡಿ.

ಮೊಮ್ಮಗಳಿಗೆ ನನ್ನ ಲೆಕ್ಕದಲ್ಲಿ ಒಂದು ಬೆಣ್ಣೆದೋಸೆ ಕೊಡಿಸಿ.

ನೇರ ಮಾತು (ಗುರುವಾರ, ಬೆಳಗ್ಗೆ 8:30)

ಇಷ್ಟೆಲ್ಲ ಹೇಳಿಕೊಡ್ತಿದ್ದೀರಿ, ಇದು ಗುರು ಇದ್ದ ಹಾಗೇ ಆಯಿತಲ್ಲ. ನಾನು ಹೇಳಿದ್ದೂ ಅದೇ.

ಮಿರ್ಚಿ ಮಂಡಕ್ಕಿ (ಗುರುವಾರ, ಬೆಳಗ್ಗೆ 8:50)

ಆಯ್ತು ಬಿಡ್ರಿ, ನೀವೇ ಗೆದ್ರಿ.

ಅಕ್ಕಾವ್ರೇ, ಒಂದು ಸಲಹೆ. ವಾರಕ್ಕೆ ಒಂದು ಉತ್ತರ ಟೈಮ್ ಇಟ್ಟು ಬರೆಯಿರಿ, ಫೋಟೋ ತೆಗೆದು ಇಲ್ಲಿ ಹಾಕಿ. ಪುಸ್ತಕ ಮುಚ್ಚಿ ಬರೆಯಿರಿ. ತಪ್ಪು ಹುಡುಕೋಕೆ ನಾವಿದ್ದೇವೆ. ಅದರಲ್ಲಿ ನಮಗೆ ಯಾರೂ ತರಬೇತಿ ಕೊಡೋದು ಬೇಡ.

ಪಿಬಿ ರಸ್ತೆ ಶ್ರುತಿ (ಭಾನುವಾರ, ಮಧ್ಯಾಹ್ನ 3:15)

ಮೊದಲ ಫೋಟೋ ಹಾಕಿದ್ದೇನೆ. ಆದಿತಾಳದಲ್ಲಿ ನನಗೆ ಚೆನ್ನಾಗಿ ಬರುವ ಕೃತಿಯ ಪಲ್ಲವಿ, ಸ್ವರಲಿಪಿ ಸಮೇತ. ನೋಡದೆ ಬರೆದೆ, 25 ನಿಮಿಷ. ಟೀಚರ್ ಹೇಳಿಕೊಟ್ಟ ಹಾಗೆ ಅಕ್ಷರಕ್ಕೆ ನಾಲ್ಕು, ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) 32. ಕಾರ್ವೆಗೆ, ಅಂದರೆ ಸ್ವರ ಎಳೆಯುವಲ್ಲಿ, ಅಲ್ಪವಿರಾಮ. ಎರಡನೇ ಕಾಲಕ್ಕೆ ಮೇಲೆ ಗೆರೆ. ನಾಲ್ಕು ಆವರ್ತನ ಇದೆ. ಹಾಡಿಕೊಂಡು ತಾಳ ಹಾಕಿ ನೋಡಿದೆ, ಸರಿಯಾಗಿ ಕೂರುತ್ತೆ.

ಹೊಳಲ್ಕೆರೆ ಮೇಷ್ಟ್ರು (ಭಾನುವಾರ, ಸಂಜೆ 5:40)

ಅಕ್ಷರ ಚೆನ್ನಾಗಿದೆ. ಅಂಗ ತೋರಿಸುವ ಗೆರೆಗಳು ಸರಿಯಾಗಿವೆ. ಸಾಹಿತ್ಯ ಸ್ವರದ ಕೆಳಗೆ ನೇರವಾಗಿ ಕೂತಿದೆ, ಅದು ಎಲ್ಲರೂ ಮಾಡುವುದಿಲ್ಲ. ರಾಗಲಕ್ಷಣ ಮೇಲೆ ಎರಡು ಸಾಲು ಬರೆಯಬೇಕಿತ್ತು.

ಹಾಡಿ ನೋಡಿದೆ ಅಂದಿರಿ. ಹಾಡುವಾಗ ನಿಮ್ಮ ಗಂಟಲು ತಪ್ಪನ್ನು ತಾನೇ ಸರಿಮಾಡಿಕೊಂಡುಬಿಡುತ್ತದೆ, ಕಾಗದ ಮಾಡುವುದಿಲ್ಲ. ಹಾಡಬೇಡಿ. ಅಂಗಡಿಯಲ್ಲಿ ಬಿಲ್ ಕೂಡುವ ಹಾಗೆ ಪೆನ್ನಿನ ತುದಿ ಇಟ್ಟು ಎಣಿಸಿ. ಮೂರನೇ ಆವರ್ತನ.

ಪಿಬಿ ರಸ್ತೆ ಶ್ರುತಿ (ಭಾನುವಾರ, ಸಂಜೆ 5:52)

ಎಣಿಸಿದೆ ಮೇಷ್ಟ್ರೇ. 31.